ಆಟ ಕೊಂಡೆವೋ, ಭೋಗ್ಯಕ್ಕೆ ಹಾಕಿಕೊಂಡೆವೋ: ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ಪ್ಲೇಸ್ಟೇಷನ್ 5

ನಮ್ಮ ಮನೆಯ ಟಿ.ವಿ. ಕೆಳಗೆ ಎರಡು ಗೇಮ್ ಕನ್ಸೋಲ್‌ಗಳಿವೆ. ಒಂದು, 2021ರ ದಸರೆಯ ಹೊತ್ತಿಗೆ ಕೊಂಡ, ಡಿಸ್ಕ್ ಹಾಕುವ ಬಾಯಿಯೇ ಇಲ್ಲದ ಎಕ್ಸ್‌ಬಾಕ್ಸ್ ಸೀರೀಸ್ ಎಸ್. ಇನ್ನೊಂದು, 2024ರ ಬೇಸಿಗೆ ರಜೆಯಲ್ಲಿ ಮಗಳ ಹಟದ ನೆಪದಲ್ಲಿ ನನ್ನ ಆಸೆಯನ್ನೂ ತೀರಿಸಿಕೊಂಡು ತಂದ, ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5. ಚಿತ್ರ ಎಷ್ಟು ಸ್ಪಷ್ಟ, ಆಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ, ಕಂಟ್ರೋಲರ್ ಕೈಗೆ ಹೇಗೆ ಕೂರುತ್ತದೆ ಎಂಬುದನ್ನು ಬಲ್ಲವರು ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಈ ಎರಡು ಯಂತ್ರಗಳ ಹಿಂದಿರುವ ಅಂಗಡಿಗಳ ಬಗ್ಗೆ, ಅಂದರೆ ದುಡ್ಡು ಕಟ್ಟಿ ಆಟ ಪಡೆದ ಮೇಲೆ ಅದರ ಮೇಲೆ ನಮಗೆ ಎಷ್ಟು ಹಕ್ಕು ಉಳಿಯುತ್ತದೆ ಎಂಬುದರ ಬಗ್ಗೆ. ಮೈಸೂರಿನಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯೊಂದರ ಎದುರು ಪತ್ರ ಬರೆದು ಬದುಕುವವನು ನಾನು. ಬೇರೆಯವರು ‘ಒಪ್ಪಿದ್ದೇನೆ’ ಎಂದು ಒತ್ತಿ ಮುಂದಕ್ಕೆ ಹೋಗುವ ಪುಟಗಳನ್ನು ಕೂತು ಓದುವ ಚಟ ಕಸುಬಿನಿಂದಲೇ ಅಂಟಿಕೊಂಡಿದೆ.

ನಮ್ಮ ಕಸುಬಿನಲ್ಲಿ ಕ್ರಯ ಬೇರೆ, ಭೋಗ್ಯ ಬೇರೆ. ಕ್ರಯಪತ್ರವೆಂದರೆ, ಕೊಂಡವರು ಆ ಸ್ವತ್ತನ್ನು ‘ಪುತ್ರ ಪೌತ್ರ ಪಾರಂಪರ್ಯವಾಗಿ, ದಾನ ವಿಕ್ರಯಾದಿ ಸಕಲ ಹಕ್ಕುಗಳೊಂದಿಗೆ’ ಅನುಭವಿಸಿಕೊಂಡು ಬರತಕ್ಕದ್ದೆಂದು ಬರೆದುಕೊಡುವ ಪತ್ರ. ಭೋಗ್ಯವೆಂದರೆ, ಇಷ್ಟು ಲಕ್ಷ ಕೊಟ್ಟು, ಇಷ್ಟು ವರ್ಷ ಬಾಡಿಗೆಯಿಲ್ಲದೆ ಮನೆಯಲ್ಲಿದ್ದು, ಬಿಡುವಾಗ ಕೊಟ್ಟ ಹಣವನ್ನು ವಾಪಸ್ ಪಡೆಯುವ ಏರ್ಪಾಡು. ಪ್ಲೇಸ್ಟೇಷನ್ ಸ್ಟೋರ್ ಮತ್ತು ಎಕ್ಸ್‌ಬಾಕ್ಸಿನ ಮೈಕ್ರೋಸಾಫ್ಟ್ ಸ್ಟೋರ್‌ಗಳ ಷರತ್ತುಗಳನ್ನು ಓದಿದರೆ, ಈ ಎರಡಕ್ಕೂ ಸೇರದ ಮೂರನೆಯ ಬಗೆಯೊಂದು ಕಾಣಿಸುತ್ತದೆ. ಬಟನ್ನಿನ ಮೇಲೆ ‘ಕೊಳ್ಳಿ’ ಎಂದಿರುತ್ತದೆ. ಒಳಗಿನ ಪುಟದಲ್ಲಿ, ತಂತ್ರಾಂಶವನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದ್ದೇವೆ, ಅದನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದಿರುತ್ತದೆ. ಅಂದಮೇಲೆ ದಾನವೂ ಇಲ್ಲ, ವಿಕ್ರಯವೂ ಇಲ್ಲ, ಪೌತ್ರರ ಮಾತು ಬಿಡಿ, ಪುತ್ರಿಗೂ ಸಲ್ಲುವುದಿಲ್ಲ. ಭೋಗ್ಯದವನಿಗೆ ಕೊನೆಗೆ ಗಂಟಾದರೂ ಕೈಸೇರುತ್ತದೆ, ಇಲ್ಲಿ ಅದೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದವರಿಗೆ ಈ ಮಾತಿನ ಚಮತ್ಕಾರ ಸಾಕೆನಿಸಿರಬೇಕು. 2024ರ ಸೆಪ್ಟೆಂಬರಿನಲ್ಲಿ ಅಂಕಿತಗೊಂಡು 2025ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ, ಕೊಡುತ್ತಿರುವುದು ಬರೀ ಪರವಾನಗಿ ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ವಸ್ತುಗಳ ಮೇಲೆ ‘ಕೊಳ್ಳಿ’ ಎಂದು ಬರೆಯುವಂತಿಲ್ಲ.

ಡಿಸ್ಕಿನ ಲೆಕ್ಕ ಬೇರೆ. ಪ್ಲೇಸ್ಟೇಷನ್ 5ರ ತೆಳು ಮಾದರಿ 2024ರ ಏಪ್ರಿಲ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಡ್ರೈವ್ ಇರುವುದಕ್ಕೆ 54,990 ರೂಪಾಯಿ, ಇಲ್ಲದ್ದಕ್ಕೆ 44,990 ರೂಪಾಯಿ ಇತ್ತು. ಅಂಗಡಿಯ ಹುಡುಗ, “ಸರ್, ಈಗ ಎಲ್ಲಾ ಡೌನ್‌ಲೋಡೇ, ಹತ್ತು ಸಾವಿರ ಯಾಕೆ ಸುಮ್ಮನೆ ಹಾಕ್ತೀರಾ?” ಎಂದು ಕೇಳಿದ. ಅವನ ಮಾತು ತಪ್ಪೇನಲ್ಲ, ಆದರೆ ಆ ಹತ್ತು ಸಾವಿರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅವನು ನೋಡಿರಲಿಲ್ಲ. ಹೊಸದಾಗಿ ಬಿಡುಗಡೆಯಾದ ದೊಡ್ಡ ಆಟವೊಂದರ ಬೆಲೆ ಸಾಮಾನ್ಯವಾಗಿ 4,999 ರೂಪಾಯಿ. ಡಿಸ್ಕ್ ತಂದು, ತಿಂಗಳೊಳಗೆ ಆಡಿ ಮುಗಿಸಿ, ದೇವರಾಜ ಅರಸು ರಸ್ತೆಯ ಒಂದು ಅಡ್ಡದಾರಿಯಲ್ಲಿ ಮೊದಲ ಮಹಡಿಯಲ್ಲಿರುವ ಸಣ್ಣ ಅಂಗಡಿಗೆ ಕೊಂಡುಹೋದರೆ, ಅಲ್ಲಿನ ಯಜಮಾನರು ಮೊದಲು ಡಬ್ಬಿಯ ಪ್ಲಾಸ್ಟಿಕ್ ಹೊದಿಕೆ ಹರಿದಿದೆಯೇ ಎಂದು ನೋಡುತ್ತಾರೆ. ಆಮೇಲೆ ಡಿಸ್ಕನ್ನು ಎರಡು ಬೆರಳ ನಡುವೆ ಹಿಡಿದು, ಟ್ಯೂಬ್‌ಲೈಟಿನ ಬೆಳಕಿಗೆ ಓರೆ ಮಾಡಿ, ಒಂದು ಸುತ್ತು ತಿರುಗಿಸಿ, ಗೀರು ಕಂಡರೆ ಉಗುರಿನ ತುದಿಯಿಂದ ಮುಟ್ಟಿ ನೋಡುತ್ತಾರೆ. ಉಗುರಿಗೆ ಸಿಕ್ಕದ ಗೀರಿಗೆ ದರ ಇಳಿಯುವುದಿಲ್ಲ. ನಾನು ಈವರೆಗೆ ಏಳು ಡಿಸ್ಕ್‌ಗಳನ್ನು ಹೀಗೆ ಕೊಟ್ಟಿದ್ದೇನೆ. ಬೇಗ ಕೊಟ್ಟದ್ದಕ್ಕೆ ಮೂರು ಸಾವಿರದವರೆಗೆ ಬಂದಿದೆ, ತಡಮಾಡಿದ್ದಕ್ಕೆ ಒಂಬೈನೂರಕ್ಕೂ ಕೈಚಾಚಿದ್ದೇನೆ. ಒಟ್ಟು ಕೂಡಿದರೆ ಡ್ರೈವಿಗೆ ಹೆಚ್ಚಿಗೆ ಕೊಟ್ಟ ಹತ್ತು ಸಾವಿರ ಮೊದಲ ವರ್ಷವೇ ತೀರಿತು. ಸೀರೀಸ್ ಎಸ್‌ನಲ್ಲಿ ಕೊಂಡ ಆಟಗಳು ಅಷ್ಟೇ ಹಣ ತಿಂದು ಇಂದಿಗೂ ಅಲ್ಲೇ ಕೂತಿವೆ. ಅವುಗಳಲ್ಲಿ ಎರಡನ್ನು ನಾನು ಮತ್ತೆ ತೆರೆದೇ ಇಲ್ಲ.

ಇದು ಮೈಸೂರಿಗೆ ಹೊಸ ವ್ಯವಹಾರವೂ ಅಲ್ಲ. ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ಸಿಕ್ಕಿಸುವ ವಿಡಿಯೋ ಗೇಮ್‌ಗಳ ಹಳದಿ ಕ್ಯಾಸೆಟ್‌ಗಳನ್ನು ಅಂಗಡಿಯಲ್ಲಿ ಕೊಟ್ಟು, ಮೇಲೆ ಇಪ್ಪತ್ತೋ ಮೂವತ್ತೋ ರೂಪಾಯಿ ಸೇರಿಸಿ ಬೇರೆ ಕ್ಯಾಸೆಟ್ ತರುತ್ತಿದ್ದವರು ನಾವು. ಕ್ಯಾಸೆಟ್ ನಡೆಯದಿದ್ದರೆ ಬಾಯಿಂದ ಊದುವುದೇ ಅದರ ರಿಪೇರಿ. ದಸರಾ ವಸ್ತುಪ್ರದರ್ಶನಕ್ಕೆ ಹೋದಾಗ ನನಗೆ ಜೈಂಟ್ ವೀಲಿಗಿಂತ ಅಲ್ಲಿ ಮಾರುತ್ತಿದ್ದ ಕ್ಯಾಸೆಟ್‌ಗಳ ಮೇಲೇ ಕಣ್ಣು. ಕೈಬದಲಾವಣೆ ಆಟದ ಒಂದು ಭಾಗವೇ ಆಗಿತ್ತು.

ಈ ಕೈಬದಲಾವಣೆಯ ಹಕ್ಕಿಗಾಗಿಯೇ ಎಕ್ಸ್‌ಬಾಕ್ಸಿನ ಮೈಕ್ರೋಸಾಫ್ಟ್ ಮತ್ತು ಪ್ಲೇಸ್ಟೇಷನ್ ತಯಾರಿಸುವ ಸೋನಿ ಬಹಿರಂಗವಾಗಿ ಕಾದಾಡಿದ ವರ್ಷ 2013. ಆ ವರ್ಷದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಅನ್ನು ಪ್ರಕಟಿಸಿತು. ಸ್ವಲ್ಪ ದಿನಕ್ಕೆ ಅದರ ಷರತ್ತುಗಳು ಹೊರಬಿದ್ದವು. ಯಂತ್ರವು ಇಪ್ಪತ್ನಾಲ್ಕು ಗಂಟೆಗೊಮ್ಮೆ ಅಂತರ್ಜಾಲಕ್ಕೆ ಹೋಗಿ ಹಾಜರಿ ಹಾಕಬೇಕು, ಇಲ್ಲವಾದರೆ ಆಟ ನಡೆಯುವುದಿಲ್ಲ. ಹಳೆಯ ಡಿಸ್ಕನ್ನು ಮಾರಬಹುದೇ ಎಂಬುದು ಆಟದ ಪ್ರಕಾಶಕರ ಮರ್ಜಿ, ಅದೂ ಒಪ್ಪಂದವಿರುವ ಅಂಗಡಿಗಳಲ್ಲಿ ಮಾತ್ರ. ಸ್ನೇಹಿತನಿಗೆ ಕೊಡುವುದಾದರೆ ಒಂದೇ ಸಲ, ಅವನು ಕನಿಷ್ಠ ಮೂವತ್ತು ದಿನದಿಂದ ನಿಮ್ಮ ಸ್ನೇಹಿತರ ಪಟ್ಟಿಯಲ್ಲಿರಬೇಕು. ಸ್ನೇಹಕ್ಕೆ ಮೂವತ್ತು ದಿನದ ವಾಯಿದೆ ಹಾಕಿದ ಷರತ್ತನ್ನು ನನ್ನ ಅನುಭವದಲ್ಲಿ ಬೇರೆಲ್ಲೂ ಕಂಡಿಲ್ಲ. ಜೂನ್ ತಿಂಗಳ ಇ3 ಎಂಬ ವಿಡಿಯೋ ಗೇಮ್ ಮೇಳದಲ್ಲಿ ಸೋನಿ ವೇದಿಕೆಯ ಮೇಲೆ ನಿಂತು, ಪ್ಲೇಸ್ಟೇಷನ್ 4ರ ಡಿಸ್ಕನ್ನು ಮಾರಬಹುದು, ಸಾಲ ಕೊಡಬಹುದು, ಇಟ್ಟುಕೊಳ್ಳಬಹುದು ಎಂದು ಸಾರಿತು. ಬೆಲೆಯನ್ನೂ ಎದುರಾಳಿಗಿಂತ ನೂರು ಡಾಲರ್ ಕಡಿಮೆ, 399 ಡಾಲರ್ ಇಟ್ಟಿತು. ಆಟ ಹಂಚಿಕೊಳ್ಳುವುದು ಹೇಗೆಂದು ಕಲಿಸುವ ಅರ್ಧ ನಿಮಿಷಕ್ಕೂ ಕಡಿಮೆಯ ವಿಡಿಯೋವೊಂದನ್ನೂ ಬಿಟ್ಟಿತು. ಅದರಲ್ಲಿ ಸೋನಿಯ ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಡಬ್ಬಿ ಕೊಡುತ್ತಾರೆ, ಅಲ್ಲಿಗೆ ಪಾಠ ಮುಗಿಯಿತು. ಜೂನ್ 19ರಂದು ಮೈಕ್ರೋಸಾಫ್ಟ್ ತನ್ನ ಷರತ್ತುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿತು.

ಗ್ರಾಹಕರ ಜಯವೆಂದು ಎಲ್ಲರೂ ನೆನಪಿಸಿಕೊಳ್ಳುವ ಆ ಪ್ರಸಂಗದಲ್ಲಿ ನನಗೆ ಎರಡು ವಿಷಯಗಳು ಹೆಚ್ಚು ಕುತೂಹಲದವು. ಮೈಕ್ರೋಸಾಫ್ಟಿನ ಮೂಲ ಯೋಜನೆಯಲ್ಲಿ, ಕೊಂಡ ಆಟಗಳನ್ನು ಹತ್ತು ಮಂದಿಯವರೆಗಿನ ಕುಟುಂಬದೊಂದಿಗೆ ಹಂಚಿಕೊಳ್ಳುವ ಅವಕಾಶವೂ ಇತ್ತು. ಷರತ್ತುಗಳು ಹೋದಾಗ ಅದೂ ಹೋಯಿತು. ಎರಡನೆಯದಾಗಿ, ಡಿಸ್ಕಿನ ವಿಷಯಕ್ಕೆ ಚಪ್ಪಾಳೆ ಬಿದ್ದ ಅದೇ ಮೇಳದಲ್ಲಿ ಸೋನಿ ಇನ್ನೊಂದು ಷರತ್ತನ್ನು ಸದ್ದಿಲ್ಲದೆ ಸೇರಿಸಿತು: ಪ್ಲೇಸ್ಟೇಷನ್ 3ರಲ್ಲಿ ಪುಕ್ಕಟೆಯಾಗಿದ್ದ ಆನ್‌ಲೈನ್ ಆಟಕ್ಕೆ ಪ್ಲೇಸ್ಟೇಷನ್ 4ರಿಂದ ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಬೇಕು. ಮೈಕ್ರೋಸಾಫ್ಟ್ ಮೊದಲಿನಿಂದಲೂ ಅದಕ್ಕೆ ಹಣ ಪಡೆಯುತ್ತಿದ್ದುದರಿಂದ ದೂರುವವರೂ ಹೆಚ್ಚಿರಲಿಲ್ಲ. ಕ್ರಯಪತ್ರ ಬರೆಸಲು ಬಂದವರು ಜಾಗದ ಚೆಕ್ಕುಬಂದಿಯನ್ನು ನಾಲ್ಕು ಸಲ ಓದಿಸಿ, ದಾರಿಯ ಹಕ್ಕು ಯಾರದೆಂದು ಬರೆದ ಸಾಲನ್ನು ಕೇಳದೆ ಎದ್ದುಹೋಗುವುದನ್ನು ದಿನವೂ ನೋಡುವವನಿಗೆ ಇದು ಪರಿಚಿತವಾದ ದೃಶ್ಯ.

ಆ ಹೊಡೆತದಿಂದ ಎಕ್ಸ್‌ಬಾಕ್ಸ್ ಹಿಂದೆ ಬಿತ್ತು. ಹಿಂದೆ ಬಿದ್ದವನು ಉದಾರಿಯಾಗುತ್ತಾನೆ. ನನ್ನ ಸೀರೀಸ್ ಎಸ್ ಅನ್ನು ನಾನು ಇಷ್ಟಪಡುವುದಕ್ಕೆ ಕಾರಣವಾದ ಬಹುತೇಕ ಸವಲತ್ತುಗಳು ಆ ಉದಾರತೆಯ ಕಾಲದಲ್ಲಿ ಹುಟ್ಟಿದವು. 2015ರಲ್ಲಿ ಹಳೆಯ ಎಕ್ಸ್‌ಬಾಕ್ಸ್ 360ರ ಆಟಗಳು ಹೊಸ ಯಂತ್ರದಲ್ಲೂ ನಡೆಯುವಂತೆ ಮಾಡಿದರು, ಅದಕ್ಕೆ ಮತ್ತೆ ಹಣ ಕೇಳಲಿಲ್ಲ. 2020ರಲ್ಲಿ ಬಂದ ಸ್ಮಾರ್ಟ್ ಡೆಲಿವರಿಯಲ್ಲಿ, ಒಂದು ಸಲ ಕೊಂಡ ಆಟ ಹಳೆಯ ಯಂತ್ರದಲ್ಲಿ ಹಳೆಯ ರೂಪದಲ್ಲೂ ಹೊಸ ಯಂತ್ರದಲ್ಲಿ ಹೊಸ ರೂಪದಲ್ಲೂ ತಾನೇ ಬಂದು ಕೂರುತ್ತದೆ. ಆಡಿ ಉಳಿಸಿದ ಹಂತ ಪುಕ್ಕಟೆಯಾಗಿ ಕ್ಲೌಡಿಗೆ, ಅಂದರೆ ಕಂಪನಿಯ ಸರ್ವರಿಗೆ, ಏರುತ್ತದೆ. ಮಳೆಗಾಲದ ಸಂಜೆ ಕರೆಂಟು ಹೋಗಿ, ಯುಪಿಎಸ್ ಇಲ್ಲದ ಮನೆಯಲ್ಲಿ ಯಂತ್ರ ಟಪ್ಪೆಂದು ಆರಿದಾಗ ಇದರ ಬೆಲೆ ತಿಳಿಯುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಅದೇ ಸೌಲಭ್ಯಕ್ಕೆ ಪ್ಲಸ್ ಚಂದಾದಾರರಾಗಿರಬೇಕು. ಇಷ್ಟಾಗಿಯೂ ಒಂದು ಕೊಂಕು ಹೇಳಲೇಬೇಕು: ಹಳೆಯ 360ರ ಡಿಸ್ಕ್‌ಗಳ ರಾಶಿ ಇರುವವರಿಗೆ ಸೀರೀಸ್ ಎಸ್‌ನಿಂದ ಉಪಯೋಗವಿಲ್ಲ. ಆಟ ನಡೆಯುತ್ತದೆ, ಡಿಸ್ಕ್ ಹಾಕಲು ಜಾಗವಿಲ್ಲ. ಒಳಗಿನ 512 ಜಿಬಿ ಸಂಗ್ರಹದಲ್ಲಿ ನಮ್ಮ ಕೈಗೆ ಸಿಗುವುದು ಸುಮಾರು 364 ಜಿಬಿ. ದೊಡ್ಡ ಆಟಗಳಾದರೆ ಮೂರೋ ನಾಲ್ಕೋ ಹಿಡಿಯುತ್ತವೆ, ಐದನೆಯದಕ್ಕೆ ಒಂದನ್ನು ಅಳಿಸಿ ಜಾಗ ಮಾಡಬೇಕು.

ಸೀರೀಸ್ ಎಸ್ ಎಂದರೆ ಬಹುಪಾಲು ಗೇಮ್ ಪಾಸ್ ಎಂದೇ ಅರ್ಥ. 2017ರಲ್ಲಿ ಶುರುವಾದ ಈ ಚಂದಾ ಪದ್ಧತಿ ನಮ್ಮೂರಿನ ಬಾಡಿಗೆ ಲೈಬ್ರರಿಯಂತೆ: ತಿಂಗಳ ದುಡ್ಡು ಕಟ್ಟಿದರೆ ಕಪಾಟಿನಲ್ಲಿರುವುದನ್ನೆಲ್ಲ ಆಡಬಹುದು, ಕಟ್ಟುವುದು ನಿಲ್ಲಿಸಿದ ದಿನ ಬಾಗಿಲು ಬಂದ್. ಇದರಲ್ಲಿ ಮೋಸವೇನಿಲ್ಲ, ಏಕೆಂದರೆ ಯಾರೂ ಇದನ್ನು ಕ್ರಯವೆಂದು ಕರೆದಿಲ್ಲ. ಮೊದಲ ಎರಡು ವರ್ಷ ನಾನೂ ಮಗಳೂ ಕೊಟ್ಟ ಹಣಕ್ಕೆ ಎರಡರಷ್ಟು ಆಡಿದೆವು. ಹೊಸ ಆಟಗಳು ಬಿಡುಗಡೆಯ ದಿನವೇ ಬರುತ್ತಿದ್ದವು, ಹೆಸರೇ ಕೇಳಿರದ ಸಣ್ಣಪುಟ್ಟ ಆಟಗಳಲ್ಲಿ ಕೆಲವು ಮನೆಮಂದಿಗೆಲ್ಲ ಹಿಡಿಸಿದವು. ಆದರೆ ಬಾಡಿಗೆ ಯಾವಾಗಲೂ ಮಾಲೀಕನ ಕೈಯಲ್ಲಿರುತ್ತದೆ. 2025ರ ಅಕ್ಟೋಬರ್‌ನಲ್ಲಿ ಗೇಮ್ ಪಾಸಿನ ಮೇಲ್ದರ್ಜೆಯಾದ ಅಲ್ಟಿಮೇಟ್‌ನ ತಿಂಗಳ ದರ ಅಮೆರಿಕದಲ್ಲಿ 19.99 ಡಾಲರಿನಿಂದ 29.99 ಡಾಲರಿಗೆ ನೆಗೆಯಿತು. ನಮ್ಮ ದೇಶದ ದರಪಟ್ಟಿಯೂ ಅದರ ಬೆನ್ನಿಗೇ ಮೇಲೇರಿತು. ಮನೆ ಬಾಡಿಗೆಯನ್ನು ಯಾರಾದರೂ ಒಂದೇ ಏಟಿಗೆ ಅರ್ಧದಷ್ಟು ಏರಿಸಿದರೆ ಕುವೆಂಪುನಗರದಲ್ಲಿ ಸಂಜೆಯೊಳಗೆ ‘ಟು ಲೆಟ್’ ಬೋರ್ಡು ನೇತಾಡುತ್ತದೆ. ಇಲ್ಲಿ ಖಾಲಿ ಮಾಡಿ ಹೋಗುವುದೂ ಸುಲಭವಲ್ಲ, ಏಕೆಂದರೆ ಅಷ್ಟು ವರ್ಷ ಆಡಿ ಉಳಿಸಿದ ಹಂತಗಳು ಆ ಮನೆಯ ಗೋಡೆಗೆ ಹೊಡೆದ ಮೊಳೆಗಳಂತೆ, ಕಿತ್ತುಕೊಂಡು ಹೋದರೂ ಬೇರೆಲ್ಲೂ ಉಪಯೋಗಕ್ಕೆ ಬಾರದವು.

ಸೋನಿಯ ಕಥೆ ಇದನ್ನೇ ಇನ್ನೊಂದು ತುದಿಯಿಂದ ಹೇಳುತ್ತದೆ. ಗೆದ್ದ ಮೇಲೆ ಅದರ ಕೈ ಬಿಗಿಯಾಯಿತು. 2021ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 3, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಮತ್ತು ವೀಟಾ ಯಂತ್ರಗಳ ಅಂಗಡಿಗಳನ್ನು ಮುಚ್ಚುತ್ತೇವೆಂದು ಪ್ರಕಟಿಸಿತು. ಜನ ಗದ್ದಲವೆಬ್ಬಿಸಿದ ಮೇಲೆ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 3 ಮತ್ತು ವೀಟಾ ಅಂಗಡಿಗಳನ್ನು ಉಳಿಸಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ಹೊರೈಜನ್ ಫರ್ಬಿಡನ್ ವೆಸ್ಟ್’ ಆಟದ ಪ್ಲೇಸ್ಟೇಷನ್ 4 ಆವೃತ್ತಿ ಕೊಂಡವರಿಗೆ ಪ್ಲೇಸ್ಟೇಷನ್ 5ರ ಆವೃತ್ತಿ ಪುಕ್ಕಟೆ ಇಲ್ಲವೆಂದಿತು, ಎರಡೇ ದಿನಕ್ಕೆ ಮಾತು ಬದಲಿಸಿತು. ಬದಲಿಸುವಾಗಲೇ, ಮುಂದೆ ಬರುವ ತನ್ನ ಇಂಥ ಆಟಗಳಿಗೆ ಹತ್ತು ಡಾಲರ್ ಪಡೆಯುತ್ತೇನೆ ಎಂದೂ ಹೇಳಿತು. ಎದುರು ಅಂಗಡಿಯವನು ಸ್ಮಾರ್ಟ್ ಡೆಲಿವರಿ ಎಂದು ಬೋರ್ಡು ಹಾಕಿಕೊಂಡು ಕೂತಿರದಿದ್ದರೆ ಆ ಎರಡು ದಿನದ ಪಶ್ಚಾತ್ತಾಪವೂ ಬರುತ್ತಿತ್ತೇ ಎಂಬುದು ನನ್ನ ಅನುಮಾನ. 2023ರ ಡಿಸೆಂಬರ್‌ನಲ್ಲಂತೂ, ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ಪ್ಲೇಸ್ಟೇಷನ್ ಸ್ಟೋರಿನಲ್ಲಿ ಹಣ ಕೊಟ್ಟು ಪಡೆದಿದ್ದವರಿಗೆ, ವರ್ಷದ ಕೊನೆಯ ದಿನ ಅವು ನಿಮ್ಮ ಸಂಗ್ರಹದಿಂದ ಹೋಗುತ್ತವೆ ಎಂಬ ಸೂಚನೆ ಹೋಯಿತು. ಕೊನೆಗಳಿಗೆಯಲ್ಲಿ ಹೊಸ ಒಪ್ಪಂದವಾಗಿ ಆ ಗಂಡಾಂತರ ತಪ್ಪಿತು. ಆದರೆ ಕೊಂಡದ್ದು ಹೋಗಬಹುದು ಎಂಬುದನ್ನು ಅಂಗಡಿಯೇ ಲಿಖಿತವಾಗಿ ತಿಳಿಸಿದ್ದು ದಾಖಲೆಯಾಗಿ ಉಳಿಯಿತು.

ಇನ್ನು ಹಣ ವಾಪಸಾತಿ. ನನ್ನ ಮಟ್ಟಿಗೆ ಅಂಗಡಿಯ ಗುಣ ತಿಳಿಯುವುದು ಇಲ್ಲಿಯೇ. ಪ್ಲೇಸ್ಟೇಷನ್ ಸ್ಟೋರಿನ ನಿಯಮದಂತೆ, ಕೊಂಡ ಹದಿನಾಲ್ಕು ದಿನದೊಳಗೆ ಹಣ ವಾಪಸ್ ಕೇಳಬಹುದು, ಆದರೆ ಅಷ್ಟರೊಳಗೆ ಡೌನ್‌ಲೋಡ್ ಶುರುಮಾಡಿರಬಾರದು. ಆಟವೇ ಕೆಟ್ಟಿದ್ದರೆ ಮಾತ್ರ ವಿನಾಯಿತಿ. ಅಂದರೆ ಬಟ್ಟೆಯ ಅಂಗಡಿಯಲ್ಲಿ, ಮಡಿಕೆ ಬಿಚ್ಚದೆ ತಂದರೆ ವಾಪಸ್ ಪಡೆಯುತ್ತೇವೆ ಎನ್ನುವ ಹಾಗೆ. ಮಡಿಕೆ ಬಿಚ್ಚದೆ ಅಳತೆ ತಿಳಿಯುವುದು ಹೇಗೆ? ಎಕ್ಸ್‌ಬಾಕ್ಸಿನವರು ಹದಿನಾಲ್ಕು ದಿನದ ಜೊತೆಗೆ ‘ಹೆಚ್ಚು ಆಡಿರಬಾರದು’ ಎನ್ನುತ್ತಾರೆ. ಎಷ್ಟು ಹೆಚ್ಚು ಎಂದು ಗಂಟೆ ಹೇಳುವುದಿಲ್ಲವಾದರೂ ತೆರೆದು ನೋಡಲು ಅವಕಾಶವಿದೆ. ಇಬ್ಬರನ್ನೂ ನಾಚಿಸುವುದು ಕಂಪ್ಯೂಟರ್ ಆಟಗಳ ಸ್ಟೀಮ್ ಅಂಗಡಿ: 2015ರಿಂದ ಅಲ್ಲಿ ಹದಿನಾಲ್ಕು ದಿನ, ಎರಡು ಗಂಟೆಯ ಆಟ ಎಂಬ ನೇರವಾದ ಲೆಕ್ಕವಿದೆ. ನೇರವಾದ ಲೆಕ್ಕಕ್ಕೆ ಜಗಳ ಕಡಿಮೆ. ದೊಡ್ಡ ಅನಾಹುತವಾದಾಗ ಸೋನಿಯೂ ಪೂರ್ತಿ ಹಣ ಕೊಟ್ಟ ಉದಾಹರಣೆಗಳಿವೆ. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಆಟ ಪ್ಲೇಸ್ಟೇಷನ್ 4ರಲ್ಲಿ ನಡೆಯಲಾರದಷ್ಟು ಕೆಟ್ಟು ಬಂದಾಗ ಅದನ್ನು ಅಂಗಡಿಯಿಂದಲೇ ಇಳಿಸಿ ಹಣ ಹಿಂದಿರುಗಿಸಿತು, 2024ರಲ್ಲಿ ತನ್ನದೇ ‘ಕಾನ್ಕಾರ್ಡ್’ ಆಟವನ್ನು ಬಿಡುಗಡೆಯಾದ ಎರಡು ವಾರಕ್ಕೆ ಮುಚ್ಚಿದಾಗಲೂ ಹಿಂದಿರುಗಿಸಿತು. ಊರಿಗೆಲ್ಲ ಗೊತ್ತಾದ ನಷ್ಟಕ್ಕೆ ಪರಿಹಾರ ಬೇಗ ಸಿಗುತ್ತದೆ. ಒಬ್ಬನೇ ಕೂತು, ಇದು ನನಗೆ ಒಗ್ಗಲಿಲ್ಲ ಎಂದುಕೊಳ್ಳುವವನಿಗೆ ಮಡಿಕೆಯ ನಿಯಮವೇ ಗತಿ.

ಹಣ ಕಟ್ಟುವುದರಲ್ಲಿ ನಾನೇ ಮಾಡಿಕೊಂಡ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಯಾವುದೋ ಜಾಲತಾಣದ ಮಾರಾಟಗಾರನೊಬ್ಬ, ಅಂಗಡಿಯ ಖಾತೆಗೆ ಹಣ ತುಂಬುವ ವ್ಯಾಲೆಟ್ ಕೋಡನ್ನು ಮುಖಬೆಲೆಗಿಂತ ಕಡಿಮೆಗೆ ಕೊಡುತ್ತೇನೆಂದ, ಕೊಂಡೆ. ಹನ್ನೆರಡು ಅಕ್ಷರಗಳನ್ನು ಕಂಟ್ರೋಲರಿನಲ್ಲಿ ಒಂದೊಂದಾಗಿ ಒತ್ತಿ ಮುಗಿಸಿದಾಗ, ಈ ಕೋಡ್ ನಿಮ್ಮ ಖಾತೆಗೆ ಸಲ್ಲದು ಎಂದು ಬಂತು. ಕೋಡ್ ಬೇರೆ ದೇಶದ್ದು. ಖಾತೆ ಯಾವ ದೇಶದ್ದೋ ಕೋಡೂ ಆ ದೇಶದ್ದೇ ಆಗಿರಬೇಕೆಂಬ ನಿಯಮ ಮೊದಲಿನಿಂದ ಇದೆ, ಮಾರಿದವನು ಹೇಳಲಿಲ್ಲ, ನಾನು ಓದಲಿಲ್ಲ. ಬೇರೆಯವರ ಪತ್ರದಲ್ಲಿ ಸರ್ವೆ ನಂಬರ್ ತಪ್ಪಿದರೆ ರೇಗುವ ನಾನು ಎರಡು ಸಾವಿರ ಕಳೆದುಕೊಂಡು ಸುಮ್ಮನಾದೆ. ಮಗಳು ಮಾತ್ರ ಸುಮ್ಮನಿರಲಿಲ್ಲ. “ಅಪ್ಪಾ, ನೀವು ಎಲ್ಲಾ ಓದ್ತೀರಲ್ಲ?” ಎಂದು ಈಗಲೂ ಕೇಳುತ್ತಿರುತ್ತಾಳೆ.

ಮೂರನೆಯ ಕನ್ಸೋಲ್ ಕಂಪನಿಯಾದ ನಿಂಟೆಂಡೊ ಬಗ್ಗೆ ಹೆಚ್ಚು ಬರೆಯಲಾರೆ. ಅದು ನಮ್ಮ ದೇಶದಲ್ಲಿ ಅಧಿಕೃತವಾಗಿ ಅಂಗಡಿ ತೆರೆದಿಲ್ಲ, ಇಲ್ಲಿ ಸಿಗುವುದೆಲ್ಲ ಹೊರಗಿನಿಂದ ತರಿಸಿದ ಮಾಲು. ಆದರೆ ಈ ಪೈಪೋಟಿಯ ಇತ್ತೀಚಿನ ಎರಡು ಕಲ್ಪನೆಗಳು ಅದರವೇ. 2025ರ ವಸಂತದಲ್ಲಿ ತಂದ ವರ್ಚುವಲ್ ಗೇಮ್ ಕಾರ್ಡ್ ಪದ್ಧತಿಯಲ್ಲಿ, ಡಿಜಿಟಲ್ ಆಟವನ್ನೇ ಕಾರ್ಡಿನಂತೆ ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು, ಕುಟುಂಬದ ಗುಂಪಿನೊಳಗೆ ಎರಡು ವಾರದ ಮಟ್ಟಿಗೆ ಸಾಲವಾಗಿ ಕೊಡಬಹುದು. ಡಿಜಿಟಲ್‌ನಲ್ಲಿ ಸಾಲ ಎಂಬ ಪದಕ್ಕೆ ಜಾಗ ಕೊಟ್ಟಿದ್ದೇ ದೊಡ್ಡದು. ಅದೇ ವರ್ಷದ ಜೂನ್‌ನಲ್ಲಿ ಬಂದ ಅದರ ಹೊಸ ಯಂತ್ರ ಸ್ವಿಚ್ 2ರ ಹಲವು ಆಟಗಳದ್ದು ಇದಕ್ಕೆ ವಿರುದ್ಧ ದಿಕ್ಕು: ಡಬ್ಬಿಯೊಳಗೆ ಕಾರ್ಡ್ ಇರುತ್ತದೆ, ಕಾರ್ಡಿನೊಳಗೆ ಆಟವಿರುವುದಿಲ್ಲ, ಇರುವುದು ಬೀಗದ ಕೈ ಮಾತ್ರ. ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಆದರೂ ಆ ಕೈಯನ್ನು ಮಾರಬಹುದು. ಅಷ್ಟರಮಟ್ಟಿಗೆ ಬರೀ ಡೌನ್‌ಲೋಡಿಗಿಂತ ಮೇಲು.

ಡಿಸ್ಕಿದ್ದರೆ ಎಲ್ಲ ಭದ್ರ ಎಂದೂ ನಾನು ಹೇಳುತ್ತಿಲ್ಲ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರ್ ಓಟದ ಆಟ 2014ರಲ್ಲಿ ಡಿಸ್ಕಿನಲ್ಲೇ ಬಂದಿತ್ತು. ಒಬ್ಬನೇ ಆಡಿದರೂ ಕಂಪನಿಯ ಸರ್ವರಿಗೆ ಸಂಪರ್ಕ ಬೇಕಿದ್ದ ಆಟವದು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಇದ್ದವರಿಗೂ ಇಲ್ಲದವರಿಗೂ ಒಂದೇ ಗತಿಯಾಯಿತು. ಯೂರೋಪಿನಲ್ಲಿ ಇದರಿಂದಲೇ ಒಂದು ಚಳವಳಿ ಎದ್ದು, ಮಾರಿದ ಆಟವನ್ನು ಆಡಲಾಗದ ಸ್ಥಿತಿಯಲ್ಲಿ ಬಿಟ್ಟುಹೋಗಬಾರದೆಂಬ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆದ್ದರಿಂದ ಡಿಸ್ಕ್ ಕೊಳ್ಳುವಾಗಲೂ ಡಬ್ಬಿಯ ಹಿಂಬದಿಯಲ್ಲಿ ‘ಅಂತರ್ಜಾಲ ಅಗತ್ಯ’ ಎಂಬ ಸಣ್ಣಕ್ಷರವಿದೆಯೇ ಎಂದು ನೋಡುವುದು ನನ್ನ ಅಭ್ಯಾಸ. ಆ ಅಕ್ಷರವಿದ್ದರೆ ಅದನ್ನು ಕ್ರಯವೆಂದು ಎಣಿಸುವುದಿಲ್ಲ, ಕೊಡುವ ಬೆಲೆಯನ್ನೂ ಹಾಗೆಯೇ ಇಳಿಸಿಕೊಳ್ಳುತ್ತೇನೆ.

ನಮ್ಮಲ್ಲಿ ಕಾನೂನಿನ ಆಸರೆ ಇಲ್ಲವೇ ಎಂದು ಕಕ್ಷಿದಾರರೊಬ್ಬರು ಕೇಳಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಹೊಸ ಕಲಮು ಸೇರಿದೆ; ಸಕಾರಣವಿಲ್ಲದೆ ಒಬ್ಬನೇ ಕರಾರನ್ನು ಮುರಿಯುವ ಹಕ್ಕು ಇಟ್ಟುಕೊಳ್ಳುವ ಷರತ್ತು ಅದರ ವ್ಯಾಪ್ತಿಗೆ ಬರುತ್ತದೆ. ದೂರುದಾರ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದೆಂದೂ ಅದೇ ಕಾಯ್ದೆ ಹೇಳುತ್ತದೆ. ತೊಡಕೆಂದರೆ, ಅನ್ಯಾಯದ ಕರಾರಿನ ದೂರುಗಳನ್ನು ಜಿಲ್ಲಾ ಆಯೋಗ ಕೇಳುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಐದು ಸಾವಿರದ ಆಟಕ್ಕಾಗಿ ಅಷ್ಟು ದೂರ ಯಾರೂ ಹೋಗಲಾರರು. ಕಂಪನಿಗಳಿಗೂ ಆ ಲೆಕ್ಕ ಗೊತ್ತು.

ಹೀಗಾಗಿ ನನ್ನ ತೀರ್ಮಾನ ಪ್ಲೇಸ್ಟೇಷನ್ 5ರ ಕಡೆಗಿದೆ, ಅದೂ ಡಿಸ್ಕ್ ಡ್ರೈವ್ ಇರುವುದರ ಕಡೆಗೆ ಮಾತ್ರ. ಡ್ರೈವ್ ಇಲ್ಲದ ಮಾದರಿಯನ್ನು ಹೋಲಿಸುವುದಾದರೆ, ಷರತ್ತುಗಳ ಮಟ್ಟಿಗೆ ಎಕ್ಸ್‌ಬಾಕ್ಸೇ ಎರಡು ಹೆಜ್ಜೆ ಮುಂದಿದೆ. ಸೀರೀಸ್ ಎಸ್ ಅನ್ನು ನಾವೇನೂ ಮೂಲೆಗೆ ಹಾಕಿಲ್ಲ. ದಸರಾ ರಜೆಗೆ ಒಂದು ತಿಂಗಳು, ಬೇಸಿಗೆಗೆ ಎರಡು ತಿಂಗಳು ಗೇಮ್ ಪಾಸ್ ಕಟ್ಟುತ್ತೇವೆ, ತಾನೇ ನವೀಕರಣವಾಗುವ ಗುಂಡಿಯನ್ನು ಕಟ್ಟಿದ ದಿನವೇ ಆಫ್ ಮಾಡುತ್ತೇವೆ. ಐನೂರು, ಆರುನೂರು ರೂಪಾಯಿಗೆ ಇಳಿದ ಸಣ್ಣ ಆಟಗಳನ್ನು ಎರಡೂ ಅಂಗಡಿಗಳಲ್ಲಿ ಡಿಜಿಟಲ್ ಆಗಿಯೇ ಪಡೆಯುತ್ತೇವೆ. ಆ ಬೆಲೆಗೆ ಪರವಾನಗಿ ಸಾಕು. ಎರಡು ಸಾವಿರ ದಾಟಿದರೆ ಮಾತ್ರ ಡಿಸ್ಕ್.

ಡಿಸ್ಕಿನ ಒಂದು ದೋಷವನ್ನು ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾದೀತು. ಕಳೆದ ಯುಗಾದಿಗೆ ಮಂಡ್ಯದಿಂದ ತಂಗಿ ಮನೆಯವರು ಬಂದಿದ್ದರು. ಹೊರಡುವಾಗ ಅವಳ ಮಗ, “ಮಾವ, ಇದೊಂದು ತಗೊಂಡು ಹೋಗ್ಲಾ, ಹದಿನೈದು ದಿನ ಅಷ್ಟೆ,” ಎಂದು ನಾನಿನ್ನೂ ಅರ್ಧ ಆಡಿದ್ದ ಕಾರ್ ಓಟದ ಡಿಸ್ಕನ್ನು ಹೋಳಿಗೆಯ ಡಬ್ಬಿಯ ಜೊತೆ ಅದೇ ಚೀಲಕ್ಕೆ ಹಾಕಿಕೊಂಡ. ಯಾವ ಕಂಪನಿಯ ಅನುಮತಿಯೂ ಬೇಕಾಗಲಿಲ್ಲ. ಹೋಳಿಗೆಯ ಡಬ್ಬಿ ಭೀಮನ ಅಮಾವಾಸ್ಯೆಗೆ ವಾಪಸ್ ಬಂತು. ಡಿಸ್ಕ್ ಇನ್ನೂ ಮಂಡ್ಯದಲ್ಲೇ ಇದೆ.